ಹೊಸ್ತಿಲಾಚೆ ಬರೆದ ಮಹಜರು

“ನಮ್ಮ ಜನದ ಹೆಣ್ಮಗು ಕಚೇರಿಗೆ ಹೋಯ್ತದೆ ಅಂದ್ರೆ ಕಸ ಗುಡ್ಸಾಕೆ, ಇಲ್ಲಾ ಅರ್ಜಿ ಹಿಡ್ಕಂಡು ನಿಂತ್ಕಣಾಕೆ. ಕುರ್ಚಿ ಮ್ಯಾಲೆ ಕುಂತ್ಕಣಾಕಲ್ಲ ಕಣ್ ಭಾವ. ಸುಮ್ಕೆ ಯಾಕೆ ಓದುಸ್ತೀಯ?” ಎಂದು ನಮ್ಮಪ್ಪನಿಗೆ ಹೇಳಿದವರು ನನ್ನ ಸೋದರಮಾವ ನರಸಿಂಹಯ್ಯ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಧುಗಿರಿ ಕಡೆಯ ನಮ್ಮ ಕಾಲೋನಿಯಲ್ಲಿ ಹುಟ್ಟಿ ಬೆಳೆದ ಅವರು ಕಣ್ಣಾರೆ ಕಂಡದ್ದೇ ಅಷ್ಟು. ನಮ್ಮಪ್ಪ ಮಾರನೆಯ ದಿನ ನನ್ನನ್ನು ಮಧುಗಿರಿಯ ಹಾಸ್ಟೆಲಿಗೆ ಬಿಟ್ಟು ಬಂದ, ಅಷ್ಟೆ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವಳು ನಾನು, ಬಿ.ಎ. ಮಾಡಿದ ಮೊದಲನೆಯವಳೂ ನಾನೇ. ಈ ಮಾತನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ. ವಿನಯ ತೋರಿಸಬೇಕಾದ ಜಾಗ ಇದಲ್ಲ.

ಕಂದಾಯ ಇಲಾಖೆಯಲ್ಲಿ ಗ್ರಾಮ ಲೆಕ್ಕಾಧಿಕಾರಿಯಾಗಿ ಸೇರಿದೆ. ಪರಿಶಿಷ್ಟ ಜಾತಿಗೆ ಮೀಸಲಾದ ಹುದ್ದೆ. ಇದನ್ನೂ ಮೊದಲೇ ಹೇಳಿಬಿಡುತ್ತೇನೆ. ಈಗ ಅದೇ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಹೊಸದಾಗಿ ಸೇರುವ ಮಕ್ಕಳು ಆಗಾಗ ಫೋನು ಮಾಡಿ, “ಅಮ್ಮ, ಈ ಕೆಲಸ ಹೆಂಗಿರುತ್ತೆ?” ಎಂದು ಕೇಳುತ್ತಾರೆ. ಬಡ್ತಿ, ವರ್ಗಾವಣೆ, ಪಿಂಚಣಿಯ ವಿಷಯ ಯಾರನ್ನು ಕೇಳಿದರೂ ಹೇಳಿಯಾರು. ನಾನು ಬೇರೆಯದನ್ನು ಹೇಳುತ್ತೇನೆ.

ಮೊದಲ ಜಾಗ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ. ಅಲ್ಲಿದ್ದ ಹಳೆಯ ಗುಮಾಸ್ತರೊಬ್ಬರು ಮೊದಲ ವಾರವೇ ಎಲ್ಲರೆದುರು, “ನಿಂಗೇನಮ್ಮ, ಸರ್ಕಾರ ಅಳಿಯನ್ನ ಕರ್ಕೊಂಡು ಬಂದಂಗೆ ಕರ್ಕೊಂಡು ಬಂದೈತೆ. ನಾವು ಮಾರ್ಕ್ಸ್ ತಗಂಡು ಬಂದೋರು” ಎಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೂ, “ಅಳಿಯಂಗೆ ಬಂದ ದಿನವೇ ಮಣೆ ಹಾಕ್ತಾರೆ ಸಾರ್. ನಂಗಿನ್ನೂ ಕುರ್ಚಿನೇ ಹಾಕಿಲ್ವಲ್ಲ” ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಸಂಜೆಯೊಳಗೆ ಒಂದು ಕುರ್ಚಿ ಬಂತು, ಒಂದು ಕಾಲು ಗಿಡ್ಡ. ನಕ್ಕು ತೇಲಿಸಿದೆ ಎಂದ ಮಾತ್ರಕ್ಕೆ ಆ ಮಾತು ಹೋಗಲಿಲ್ಲ. ನೀವು ಮೀಸಲಾತಿಯಲ್ಲಿ ಬಂದವರಾದರೆ ಇದೊಂದನ್ನು ತಿಳಿದಿರಿ: ನಿಮ್ಮ ತಪ್ಪು ಒಬ್ಬರ ತಪ್ಪಾಗಿ ಉಳಿಯುವುದಿಲ್ಲ. ಪಕ್ಕದ ಟೇಬಲಿನವರು ಕೂಡಿಸುವುದರಲ್ಲಿ ತಪ್ಪಿದರೆ ಅದು ಅವರ ನಿದ್ದೆಗಣ್ಣು. ನಾನು ತಪ್ಪಿದರೆ ಅದು ನಮ್ಮ ಇಡೀ ಕಾಲೋನಿಯ ತಪ್ಪು.

ಜಾತಿ ಪ್ರಮಾಣಪತ್ರದ ಕೆಲಸ ಆಗ ಕೈಬರಹದ್ದು. ಊರಿಗೆ ಹೋಗಬೇಕು, ಜಗಲಿಯ ಮೇಲೆ ಕೂರಬೇಕು, ಇವರ ಹೆಣ್ಣನ್ನು ಯಾರ ಮನೆಗೆ ಕೊಟ್ಟಿದ್ದಾರೆ, ಮನೆದೇವರು ಯಾವುದು ಎಂದು ಹಿರಿಯರನ್ನು ಕೇಳಬೇಕು. ಒಬ್ಬರ ಜಾತಿ ಕೇಳುವ ಅಧಿಕಾರ ಸರ್ಕಾರ ನನಗೆ ಕೊಟ್ಟಿತ್ತು. ಊರಿನವರು ಮಾತ್ರ ಕುಡಿಯಲು ನೀರು ಕೊಡುವ ಮೊದಲು ಅದೇ ಪ್ರಶ್ನೆಯನ್ನು ನನಗೆ ಕೇಳುತ್ತಿದ್ದರು. “ಅಮ್ಮಯ್ಯ, ತಾವು ಯಾವ ಪೈಕಿ?” “ರೆವಿನ್ಯೂ ಪೈಕಿ” ಎನ್ನುತ್ತಿದ್ದೆ. ನೀರು ಮಾತ್ರ ಒಮ್ಮೊಮ್ಮೆ ಬರುತ್ತಿರಲಿಲ್ಲ. ಈಗ ಅರ್ಜಿ ಮೊಬೈಲಿನಲ್ಲಿ ಹಾಕುತ್ತಾರೆ, ನಾಡಕಚೇರಿಯಲ್ಲಿ ಪ್ರಿಂಟು ಸಿಗುತ್ತದೆ. ಒಳ್ಳೆಯದೇ ಆಯಿತು, ಕೈಬಿಸಿ ಕಡಿಮೆಯಾಯಿತು, ಅಲೆದಾಟ ತಪ್ಪಿತು. ಆದರೆ ಕಂಪ್ಯೂಟರಿಗೆ ಹಳೆಯ ದಾಖಲೆಯಲ್ಲಿ ಇರುವುದು ಮಾತ್ರ ಗೊತ್ತು. ಜಗಲಿಯ ಮೇಲೆ ಕೂತವರಿಗೆ ಗೊತ್ತಿರುವುದು ಅದಕ್ಕೆ ಗೊತ್ತಿಲ್ಲ.

ಕೊರಟಗೆರೆ ತಾಲ್ಲೂಕಿನಲ್ಲಿದ್ದಾಗ ಅರ್ಚಕರ ಮಗನೊಬ್ಬ ಆದಾಯ ಪ್ರಮಾಣಪತ್ರಕ್ಕೆ ಬಂದಿದ್ದ. ಇಂಜಿನಿಯರಿಂಗ್ ಸೀಟು ಕೈಗೆ ಬಂದಂತಾಗಿ ತಪ್ಪಿತ್ತು. ಅವನಿಗಿಂತ ಕಡಿಮೆ ಅಂಕ ಬಂದ, ನಮ್ಮ ಪೈಕಿಯ ಸಹಪಾಠಿಗೆ ಅದೇ ಕಾಲೇಜಿನಲ್ಲಿ ಸಿಕ್ಕಿತ್ತು.

“ಮೇಡಂ, ನಮ್ಮಪ್ಪಂಗೆ ಆರತಿ ತಟ್ಟೆಗೆ ಬೀಳೋದು ಬಿಟ್ರೆ ಬೇರೆ ಸಂಪಾದನೆ ಇಲ್ಲ. ನಾನು ಯಾರನ್ನೂ ಮುಟ್ಟಬೇಡ ಅಂದಿಲ್ಲ. ಮತ್ತೆ ನಂದೇನು ತಪ್ಪು?” ಎಂದು ಕೇಳಿದ. ನನ್ನ ಜಾತಿ ಗೊತ್ತಿದ್ದೇ ಕೇಳಿದ. ಧೈರ್ಯವಂತ ಹುಡುಗ.

“ನಿಂದೇನೂ ತಪ್ಪಿಲ್ಲಪ್ಪ” ಎಂದೆ. “ನಿಮ್ಮನೇಲಿ ಓದು ಬರಹ ಯಾರಿಂದ ಶುರುವಾಯ್ತು?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಶುರು ಅಂದ್ರೆ? ಅಜ್ಜ, ಅವರಪ್ಪ... ಎಲ್ರಿಗೂ ಬರ್ತಿತ್ತು.”

“ನಮ್ಮನೇಲಿ ನನ್ನಿಂದ.”

“ಆದ್ರೂ ಹಸಿವು ಒಂದೇ ಅಲ್ವಾ ಮೇಡಂ?” ಎಂದ. ಹೌದು ಎಂದೆ. ಅವನ ಮಾತು ನಿಜ, ನನ್ನ ಮಾತೂ ನಿಜ. ಎರಡು ನಿಜಗಳನ್ನು ಒಂದೇ ಸೀಟಿನ ಮೇಲೆ ಕೂರಿಸಲು ಹೋದರೆ ಒಂದು ಕೆಳಗೆ ಬೀಳುತ್ತದೆ. ಬಿದ್ದವನಿಗೆ ‘ಇದು ನ್ಯಾಯ’ ಎಂದು ಪಾಠ ಹೇಳಬೇಡಿ. ಅವನ ಕೆಲಸವನ್ನು ಅವತ್ತೇ ಮಾಡಿಕೊಡಿ. ನಾನು ಅಷ್ಟು ಮಾಡಿದೆ. ಈಗ ಅಂಥ ಬಡವರಿಗೂ ಕೆಲವು ಕಡೆ ಒಂದು ಪಾಲು ಬಂದಿದೆ. ಆಗ ಇರಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ಕೇಳಿದವಳು ನಮ್ಮ ಕಾಲೋನಿಯವಳೇ, ವರಸೆಯಲ್ಲಿ ತಂಗಿಯಾಗಬೇಕು. “ಅಕ್ಕಯ್ಯ, ನಿನ್ ಮಗನೂ ನನ್ ಮಗನೂ ಒಂದೇ ಸೀಟಿಗೆ ನಿಂತವ್ರೆ. ನಿನ್ ಮಗಂಗೆ ಟ್ಯೂಶನ್ ಐತೆ, ಫ್ಯಾನ್ ಐತೆ. ನನ್ ಮಗ ಕಡ್ಲೆಕಾಯಿ ಬಿಡುಸ್ಕಂಡು ಓದವ್ನೆ. ಇದು ಸರೀನಾ, ನೀನೇ ಹೇಳು.” ಮನೆಗೆ ಬಂದು ಮಗನಿಗೆ ಹೇಳಿದೆ. ಅವನು, “ಶಿರಾದಲ್ಲಿ ಜಾತಿ ಕೇಳಿ ಬಾಡಿಗೆ ಮನೆ ಇಲ್ಲ ಅಂದ್ರಲ್ಲ, ಅವರು ನಮ್ಮ ಫ್ಯಾನ್ ನೋಡಿ ಇಲ್ಲ ಅಂದ್ರೇನಮ್ಮ?” ಎಂದ. ಅವನು ಮೀಸಲಾತಿಯಲ್ಲೇ ಕಾಲೇಜು ಸೇರಿದ. ಆ ತಂಗಿಯ ಮಗನಿಗೆ ಮರುವರ್ಷ ಸಿಕ್ಕಿತು. ಆದರೂ ಅವಳ ಪ್ರಶ್ನೆ ಅಷ್ಟಕ್ಕೇ ಮುಗಿಯಲಿಲ್ಲ. ನಿಮ್ಮ ಕಾಲದಲ್ಲಿ ಅದನ್ನು ಇನ್ನೂ ಗಟ್ಟಿಯಾಗಿ ಕೇಳುತ್ತಾರೆ. ಕೇಳಿಸಿಕೊಳ್ಳಿ.

ಇವೆಲ್ಲ ಆಗಾಗ ಮನಸ್ಸಿಗೆ ಬಂದು ಹೋಗುತ್ತವೆ. ಬಂದು ಹೋಗದೆ ಕೂತೇ ಇರುವುದು ಪವಿತ್ರಳ ಅರ್ಜಿ.

ನಿವೃತ್ತಿ ಹತ್ತಿರವಿದ್ದಾಗ ನಾನು ಪಾವಗಡ ತಾಲ್ಲೂಕಿನಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್. ವೈ.ಎನ್.ಹೊಸಕೋಟೆ ಕಡೆಯ ಒಂದು ಹಳ್ಳಿಯಿಂದ ಮಾರಕ್ಕ ಎಂಬ ಮುದುಕಿ ಮೊಮ್ಮಗಳು ಪವಿತ್ರಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಪಶುವೈದ್ಯ ಕಾಲೇಜಿನಲ್ಲಿ ಓದುವ ಆಸೆ. ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕೂ ಬಂದಿತ್ತು, ಆದರೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಇದ್ದರೆ ಮಾತ್ರ ಸೀಟು ಸಿಗುವಷ್ಟು. ದಾಖಲೆ ಪರಿಶೀಲನೆಯ ದಿನ ಹತ್ತಿರ ಬಂದಿತ್ತು. ಅರ್ಜಿ ಒಂದು ಸಲ ತಿರಸ್ಕಾರವೂ ಆಗಿತ್ತು.

ಕಾರಣ ಇಷ್ಟು. ತಾಯಿ ಮಾರಕ್ಕನ ಮಗಳು, ಕಾಲೋನಿಯವಳು. ತಂದೆ ಅದೇ ಊರಿನ ದೊಡ್ಡ ಮನೆಯವನು. ಆ ಜಾತಿಯ ಹೆಸರು ಇಲ್ಲಿ ಬೇಡ, ಯಾವುದಾದರೂ ಕಥೆ ಇದೇ ಆಗುತ್ತಿತ್ತು. ಇಬ್ಬರೂ ಓಡಿಹೋಗಿ ಮದುವೆಯಾದರು. ಮಗು ತೊಟ್ಟಿಲಲ್ಲಿದ್ದಾಗಲೇ ತಂದೆ ಲಾರಿ ಅಪಘಾತದಲ್ಲಿ ಹೋದ. ಎರಡು ವರ್ಷಕ್ಕೆ ತಾಯಿ ಕಾಯಿಲೆಯಿಂದ ಹೋದಳು. ಮಗುವನ್ನು ಸಾಕಿದವಳು ಮಾರಕ್ಕ. ಶಾಲೆಗೆ ಸೇರಿಸುವಾಗ ಮಾರಕ್ಕನೇ ಹಟ ಹಿಡಿದು ತಂದೆಯ ಜಾತಿ ಬರೆಸಿದ್ದಳು.

“ಯಾಕೆ ಹಂಗೆ ಬರೆಸಿದೆ ಮಾರಕ್ಕ?” ಎಂದು ಕೇಳಿದೆ.

“ಅವ್ರ ಜಾತಿ ಬರ್ದ್ರೆ ಯಾವತ್ತಾನ ಒಂದಿನ ‘ಇವ್ಳು ನಮ್ಮ ಮಗು’ ಅಂತ ಒಳಕ್ಕೆ ಕರ್ಕಂತಾರೆ ಅಂತ ಕಣಮ್ಮ. ನಂಗೇನು ಗೊತ್ತು, ಸರ್ಕಾರ ಅದ್ನೇ ಇಡ್ಕಂತದೆ ಅಂತ.”

“ಕರ್ಕಂಡ್ರಾ?”

“ಆ ಬೀದಿಗೆ ಹೋದ್ರೆ ನಾಯಿ ಕರೀತದೆ, ಅವ್ರು ಕರೆಯಲ್ಲ.”

ನಮ್ಮ ತಹಶೀಲ್ದಾರರು ಚಿಕ್ಕ ವಯಸ್ಸಿನವರು, ಓದಿಕೊಂಡವರು, ಕೈ ಶುದ್ಧ. ಅವರ ಮುಂದೆ ಕಡತ ಇಟ್ಟಾಗ, “ಮೇಡಂ, ಮಗುವಿಗೆ ತಂದೆ ಜಾತಿ. ಇದನ್ನ ಸಡಿಲ ಮಾಡಿದ್ರೆ ನಾಳೆ ಎಲ್ರೂ ತಾಯಿ ಜಾತಿ ಹಿಡ್ಕೊಂಡು ಬರ್ತಾರೆ. ನಿಜವಾಗ್ಲೂ ಕಾಲೋನಿಯಲ್ಲಿ ಬೆಳೆದ ಒಂದು ಮಗುವಿನ ಸೀಟು ಹೋಗುತ್ತೆ. ಅದಕ್ಕೆ ನೀವೇ ಒಪ್ತೀರಾ?” ಎಂದರು.

ಸರಿಯಾದ ಪ್ರಶ್ನೆಯೇ. ಸುಳ್ಳು ಪ್ರಮಾಣಪತ್ರದಲ್ಲಿ ಸೀಟು ಹೊಡೆದುಕೊಂಡವರನ್ನು ನಾನೂ ಕಂಡಿದ್ದೆ. “ಒಪ್ಪಲ್ಲ ಸಾರ್. ಆದ್ರೆ ಮಗು ತಾಯಿ ಕಡೆಯೇ ಬೆಳೆದು, ಆ ಜನ ಪಡೋದನ್ನೇ ಪಟ್ಟಿದ್ರೆ ಅದನ್ನೂ ನೋಡ್ಬೇಕು ಅಂತ ಮೇಲಿನ ಕೋರ್ಟು ಹೇಳಿದೆ. ಊರಿಗೆ ಹೋಗಿ ನೋಡೋಣ, ಸುಳ್ಳಾದ್ರೆ ನಾನೇ ‘ತಿರಸ್ಕರಿಸಿ’ ಅಂತ ಬರೀತೀನಿ” ಎಂದೆ.

ಊರಿಗೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಹುಡುಗಿಯ ದೊಡ್ಡಪ್ಪ, ಅಂದರೆ ತಂದೆಯ ಅಣ್ಣ ಗೋವಿಂದಪ್ಪ, ತಕರಾರು ಕೊಟ್ಟಿದ್ದ. ‘ಪವಿತ್ರ ನನ್ನ ತಮ್ಮನ ಮಗಳು, ನಮ್ಮ ಮನೆತನದವಳು. ಅವಳನ್ನು ಬೇರೆ ಜಾತಿಯವಳೆಂದು ಬರೆದರೆ ನಮಗೆ ಅವಮಾನ’ ಎಂಬುದು ಅದರ ಸಾರ. ಆ ಮಾತನ್ನು ನಂಬಿದರೆ ಹುಡುಗಿಯ ಸೀಟು ಅಲ್ಲಿಗೆ ಮುಗಿಯಿತು.

ಸ್ಥಳ ಮಹಜರು ಎಂದರೆ ಇಷ್ಟೇ: ಜಾಗಕ್ಕೆ ಹೋಗಿ, ಊರಿನ ಕೆಲವರನ್ನು ಪಂಚರಾಗಿ ನಿಲ್ಲಿಸಿಕೊಂಡು, ಕಂಡದ್ದನ್ನೂ ಕೇಳಿದ್ದನ್ನೂ ಅಲ್ಲೇ ಬರೆದು, ಅವರ ಸಹಿ ಹಾಕಿಸುವುದು. ನಮ್ಮ ಅಭಿಪ್ರಾಯಕ್ಕೆ ಅದರಲ್ಲಿ ಜಾಗವಿಲ್ಲ. ತಹಶೀಲ್ದಾರರೂ ನಾನೂ ಮೊದಲು ಕಾಲೋನಿಗೆ ಹೋದೆವು. ಅಲ್ಲಿ ಪಂಚನಾಗಲು ಬಂದ ಓಬಳಪ್ಪ ಎಂಬ ಹಿರಿಯ ನೇರವಾಗಿಯೇ ತಗಾದೆ ತೆಗೆದ.

“ಸ್ವಾಮಿ, ಮಾರಕ್ಕ ನಮ್ಮೋಳು, ಇಲ್ಲ ಅನ್ನಲ್ಲ. ಮಗಿಗೆ ಅರ್ಧ ಅವ್ರ ರಕ್ತ. ನಾಳೆ ಓದಿ ದೊಡ್ಡೋಳಾಗಿ ಆ ಕಡೀಕ್ಕೆ ಹೋಗ್ಬುಟ್ರೆ? ನನ್ ಮೊಮ್ಮಗನೂ ಬರೋ ವರ್ಸ ಪರೀಕ್ಸೆ ಬರೀತಾನೆ. ನಮ್ಮ ಪಾಲಿಂದು ಅವ್ರ ಮನೇಗೆ ಯಾಕೆ ಹೋಗ್ಬೇಕು?”

“ಲೇ ಓಬಳ, ನನ್ನ ಮೊಮ್ಮಗಳು ಯಾರ ಮನೆ ನೀರು ಕುಡ್ದವಳೆ ನಿಂಗೊತ್ತಿಲ್ವೇನ್ಲಾ?” ಎಂದು ಮಾರಕ್ಕ ಎಗರಿದಳು.

“ಗೊತ್ತು. ಅವ್ರು ಏನಂತಾರೋ ಅದ್ನೂ ಕೇಳಾನ ನಡಿ” ಎಂದ ಓಬಳಪ್ಪ. ಅವನ ಮಾತಿನಲ್ಲಿ ದ್ವೇಷ ಇರಲಿಲ್ಲ, ಹೆದರಿಕೆ ಇತ್ತು. ಸ್ವಲ್ಪವೇ ಇರುವುದನ್ನು ಹಂಚಿಕೊಳ್ಳುವವರ ಹೆದರಿಕೆ.

ಎಲ್ಲರೂ ಊರೊಳಗಿನ ಬೀದಿಗೆ ಬಂದೆವು. ಗೋವಿಂದಪ್ಪ ಬಿಳಿ ಪಂಚೆ ಉಟ್ಟು ಕಾಯುತ್ತಿದ್ದ. “ರಾಂಡಿ ಸಾರ್, ರಾಂಡಿ” ಎಂದು ತೆಲುಗಿನಲ್ಲಿ ತಹಶೀಲ್ದಾರರನ್ನು ಕರೆದು ಜಗಲಿಯ ಮೇಲೆ ಕುರ್ಚಿ ಹಾಕಿಸಿದ. ನನಗೂ ಹಾಕಿಸಿದ. ಪವಿತ್ರ, ಮಾರಕ್ಕ, ಓಬಳಪ್ಪ ಬೀದಿಯಲ್ಲಿ ಬೇವಿನ ಮರದ ಕೆಳಗೆ ನಿಂತರು. ಅಲ್ಲೇ ನಿಲ್ಲಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಟೀ ಬಂತು. ತಹಶೀಲ್ದಾರರಿಗೆ ಸ್ಟೀಲ್ ಲೋಟದಲ್ಲಿ, ನನಗೆ ಪೇಪರ್ ಲೋಟದಲ್ಲಿ. ಈ ಪೇಪರ್ ಲೋಟ ಬಂದ ಮೇಲೆ ಎಷ್ಟೋ ಮನೆಗಳಿಗೆ ನಿರಾಳವಾಗಿದೆ. ಯಾವ ಪೈಕಿ ಎಂದು ಕೇಳುವ ಕಷ್ಟವಿಲ್ಲ, ತೊಳೆಯುವ ಕಷ್ಟವೂ ಇಲ್ಲ. ನಾನು ಕುಡಿದೆ. ಬಿಸಿಲಿತ್ತು, ಟೀ ಚೆನ್ನಾಗಿತ್ತು.

“ನಮ್ಮಲ್ಲಿ ಆ ಭೇದ ಗೀದ ಏನಿಲ್ಲ ಸಾರ್” ಎಂದು ಗೋವಿಂದಪ್ಪ ಶುರು ಮಾಡಿದ. “ಅದೆಲ್ಲ ಹಿಂದೆ. ಆ ಮಗಾ ನನ್ ತಮ್ಮನ ರಕ್ತ. ಹಬ್ಬ ಹುಣ್ಣಿಮೆಗೆ ಬತ್ತಾಳೆ, ಉಂಡು ಹೋಗ್ತಾಳೆ. ನಮ್ಮನೆ ಮಗಾನೆ. ಕಾಗ್ದದಾಗೆ ಬೇರೆ ಜಾತಿ ಬರ್ದು ನಮ್ಮ ಮಾನ ತೆಗೀಬ್ಯಾಡ್ರಿ.”

ಮಾತು ಎಷ್ಟು ಚೆನ್ನಾಗಿತ್ತೆಂದರೆ ತಹಶೀಲ್ದಾರರು ಪೆನ್ನು ಕೈಗೆತ್ತಿಕೊಂಡು ನನ್ನ ಮುಖ ನೋಡಿದರು. ಪವಿತ್ರಳ ಕಡೆ ನೋಡಿದೆ. ಆ ಹುಡುಗಿ ‘ಸುಳ್ಳು’ ಎಂದು ಕೂಗಲಿಲ್ಲ. ದೊಡ್ಡಪ್ಪನ ಬಾಯಲ್ಲಿ ‘ನಮ್ಮನೆ ಮಗಾ’ ಎಂಬುದನ್ನು ಅವಳು ಬಹುಶಃ ಮೊದಲ ಸಲ ಕೇಳುತ್ತಿದ್ದಳು. ಮುಖ ಕೆಂಪಾಗಿ, ಸೆರಗಿನಂತೆ ಹೊದ್ದಿದ್ದ ದುಪಟ್ಟಾವನ್ನು ಸರಿಮಾಡಿಕೊಂಡಳು.

“ಬಿಸಿಲು ಜಾಸ್ತಿ ಆಯ್ತು ಗೋವಿಂದಪ್ಪೋರೆ” ಎಂದೆ. “ಮಗೂನ ಒಳಗೆ ಕರೀರಿ. ನಾವೂ ಬರ್ತೀವಿ. ನಡುಮನೇಲಿ ಕೂತು ಮಹಜರು ಬರೆಯೋಣ. ‘ಹುಡುಗಿ ದೊಡ್ಡಪ್ಪನ ಮನೆಯೊಳಗೆ ಕೂತಿದ್ದಳು’ ಅಂತ್ಲೇ ಬರೀತೀನಿ, ನಿಮ್ಮ ತಕರಾರು ಗೆದ್ದಂಗೆ.”

ಅವನು ನಕ್ಕ. “ಅದ್ಕೇನು ಸಾರ್, ಬರ್ಲಿ” ಎಂದು ತಹಶೀಲ್ದಾರರಿಗೇ ಹೇಳಿ ಬೀದಿಯ ಕಡೆ ತಿರುಗಿದ. ಬಾಯಿ ತೆರೆದ. “ಬಾ...”

ಹೊಸ್ತಿಲಿನ ಒಳಗಿನ ಕತ್ತಲಿನಿಂದ ಅವನ ತಾಯಿಯ ದನಿ ಕೇಳಿತು. “ವದ್ದುರಾ.”

ಆ ಕಡೆಯ ಎಷ್ಟೋ ಮನೆಗಳಲ್ಲಿ ಒಳಮಾತು ತೆಲುಗು. ಬೇಡ ಕಣೋ, ಎಂದಿದ್ದಳು ಮುದುಕಿ. ಜೋರಾಗಿ ಹೇಳಲಿಲ್ಲ, ಬಯ್ಯಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವಾಗ ಸೌದೆ ಎಳೆಯುವಷ್ಟು ಸಹಜವಾಗಿ ಹೇಳಿದಳು. ಪವಿತ್ರ ಅವಳ ಸ್ವಂತ ಮಗನ ಮಗಳು.

ಗೋವಿಂದಪ್ಪ ಅರ್ಧ ಎತ್ತಿದ ಕೈಯನ್ನು ಇಳಿಸಿ ಪಂಚೆಗೆ ಒರೆಸಿಕೊಂಡ. “ಒಳಗೆ ದೇವ್ರ ಮನೆ ಐತೆ ಸಾರ್... ಅಮ್ಮಂಗೆ ವಯಸ್ಸಾಗೈತೆ... ಇಲ್ಲೇ ಗಾಳಿ ಬತ್ತದಲ್ಲ, ಇಲ್ಲೇ ಬರೀರಿ.”

ಪವಿತ್ರ ಎರಡು ಹೆಜ್ಜೆ ಮುಂದೆ ಬಂದು ನಿಂತಿದ್ದಳು. ಆ ‘ಬಾ’ ಅವಳಿಗೆ ಕೇಳಿಸಿತ್ತು. ಒಳಗೆ ಹೋದರೆ ಸೀಟು ಹೋಗುತ್ತದೆ ಎಂಬುದು ಅವಳಿಗೆ ನನ್ನಷ್ಟೇ ಗೊತ್ತಿತ್ತು. ಆದರೂ ಮುಂದೆ ಬಂದಿದ್ದಳು. ಈ ನೌಕರಿಯಲ್ಲಿ ನಾನು ಎಷ್ಟೋ ಜನರನ್ನು ಕಂಡಿದ್ದೇನೆ, ಆ ಎರಡು ಹೆಜ್ಜೆಯ ಹಾಗೆ ಇನ್ನೇನೂ ನನ್ನನ್ನು ತಟ್ಟಿಲ್ಲ. ಓಬಳಪ್ಪ ಅವಳ ತೋಳು ಹಿಡಿದು, “ಬಾ ತಾಯಿ, ನೆಳ್ಳಿಗೆ ಬಾ” ಎಂದು ಹಿಂದಕ್ಕೆ ಕರೆದುಕೊಂಡ.

ತಹಶೀಲ್ದಾರರು ಕೈಯಲ್ಲಿದ್ದ ಸ್ಟೀಲ್ ಲೋಟವನ್ನೂ ನನ್ನ ಪಕ್ಕದಲ್ಲಿದ್ದ ಪೇಪರ್ ಲೋಟವನ್ನೂ ನೋಡಿದರು. ಆಮೇಲೆ ಲೋಟವನ್ನು ಜಗಲಿಯ ಮೇಲಿಟ್ಟು, “ಬರೀರಿ ಮೇಡಂ, ನಡೆದಿದ್ದು ನಡೆದ ಹಾಗೆ” ಎಂದರು.

ಬರೆದೆ. ತಕರಾರುದಾರರು ಹುಡುಗಿ ತಮ್ಮ ಮನೆಯವಳೆಂದು ಹೇಳಿದರು. ಒಳಗೆ ಕರೆಯಲು ಕೇಳಲಾಯಿತು. ಕರೆಯಲಿಲ್ಲ. ಮಹಜರನ್ನು ಹೊಸ್ತಿಲಾಚೆ, ಜಗಲಿಯ ಮೇಲೆ ಬರೆಯಲಾಯಿತು. ಗಟ್ಟಿಯಾಗಿ ಓದಿ ಹೇಳಿದೆ. “ಇದ್ರಾಗೆ ಸುಳ್ಳಿದ್ರೆ ಹೇಳಿ, ಹೊಡೆದು ಹಾಕ್ತೀನಿ” ಎಂದು ಗೋವಿಂದಪ್ಪನನ್ನು ಕೇಳಿದೆ. ಅವನು ಬಹಳ ಹೊತ್ತು ನೆಲ ನೋಡಿ, ಸಹಿ ಹಾಕಿದ. ಅವನು ರಾಕ್ಷಸನಲ್ಲ. ತಾಯಿಯ ಒಂದು ಮಾತನ್ನು ದಾಟಲಾರದವನು. ನಮ್ಮ ಸೀಮೆಯ ತುಂಬಾ ಅಂಥವರೇ ಇದ್ದಾರೆ. ಓಬಳಪ್ಪನೂ ಹೆಬ್ಬೆಟ್ಟು ಒತ್ತಿ, “ನನ್ ಮೊಮ್ಮಗ ಅವ್ನ ಪಾಡಿಗೆ ಬರೀಲಿ. ಈ ಮಗಿಂದು ಈ ಮಗೀಗೆ” ಎಂದ.

ಜೀಪಿನಲ್ಲಿ ತಹಶೀಲ್ದಾರರು, “ಮೇಡಂ, ಅವರು ಒಳಗೆ ಕರೆದುಬಿಟ್ಟಿದ್ರೆ?” ಎಂದರು.

“ಕರೆದಿದ್ರೆ ಆ ಮಗುವಿಗೆ ಮೀಸಲಾತಿ ಬೇಕಾಗ್ತಿರಲಿಲ್ಲ ಅನ್ನೋದು ಸುಲಭ ಸಾರ್. ಒಂದು ದಿನ ಕರೆದ್ರೆ ಹದಿನೆಂಟು ವರ್ಷ ಕರೆಯದೆ ಇದ್ದದ್ದು ಹೋಗುತ್ತಾ? ನಂಗೂ ಗೊತ್ತಿಲ್ಲ” ಎಂದೆ. ಅಷ್ಟು ವರ್ಷದ ನೌಕರಿಯಲ್ಲಿ ನಾನು ಕಂಡುಕೊಂಡದ್ದು ಇಷ್ಟೇ: ಮೀಸಲಾತಿ ನ್ಯಾಯವೋ ಅನ್ಯಾಯವೋ ಎಂದು ಕಚೇರಿಯಲ್ಲಿ ಕೂತು ವಾದ ಮಾಡುವಾಗ ಎರಡು ಕಡೆಯೂ ಸರಿ ಎನಿಸುತ್ತದೆ. ಆ ಜಗಲಿಯ ಮೇಲೆ ಕೂತಾಗ ಹಾಗೆನಿಸಲಿಲ್ಲ. ಆದ್ದರಿಂದ ಹೊಸಬರಿಗೆ ನನ್ನದೊಂದೇ ಮಾತು. ಕಂಪ್ಯೂಟರ್ ಮುಂದೆ ಕೂತು ತಿರಸ್ಕಾರದ ಬಟನ್ ಒತ್ತುವ ಮೊದಲು ಒಂದು ಸಲ ಊರಿಗೆ ಹೋಗಿ. ಮಂಜೂರು ಮಾಡುವ ಮೊದಲೂ ಹೋಗಿ.

ದಾಖಲೆ ಪರಿಶೀಲನೆಯ ಹಿಂದಿನ ದಿನ ಪ್ರಮಾಣಪತ್ರ ಬಂತು. ಕಿಟಕಿಯಲ್ಲಿ ಕೊಡಬೇಕಾದದ್ದನ್ನು ನಾನೇ ಹಿಡಿದುಕೊಂಡು ಹೊರಗೆ ಬಂದು ಪವಿತ್ರಳ ಕೈಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣು ತುಂಬಿತ್ತು, ಸಂತೋಷಕ್ಕೋ ಇನ್ನೊಂದಕ್ಕೋ, ನಾನು ಕೇಳಲಿಲ್ಲ.

“ಏನಂತ ಬರ್ದೈತೆ, ಓದವ್ವ” ಎಂದಳು ಮಾರಕ್ಕ. ಹುಡುಗಿ ಓದಿದಳು.

“ಇಷ್ಟೇನಾ? ಹುಟ್ದಾಗಿಂದ ಊರೆಲ್ಲ ಇದ್ನೇ ಹೇಳ್ತಿದ್ರಲ್ಲ ನಮ್ಗೆ. ಇದ್ನ ಬರ್ದುಕೊಡಾಕೆ ಇಷ್ಟೊಂದು ತಿರುಗುಸ್ದ್ರಾ?” ಎಂದು ನನ್ನ ಕಡೆ ತಿರುಗಿ ನಕ್ಕಳು. ನಗುತ್ತಲೇ ಮೊಮ್ಮಗಳ ಕೆನ್ನೆ ಒರೆಸಿದಳು.

“ಅಳ್ಬ್ಯಾಡ. ದನದ ಡಾಕ್ಟ್ರಾದ್ಮ್ಯಾಲೆ ಆ ಗೋವಿಂದಪ್ಪನ ಮನೇರೂ ಕರೀತಾರೆ ಕಣವ್ವ. ಹೋಗು, ಆಗಲ್ಲ ಅನ್ಬ್ಯಾಡ, ಮೂಗುಪ್ರಾಣಿ ಏನು ಮಾಡೈತೆ. ಆದ್ರೆ ಅವ್ರು ದನ ಕಟ್ಟಾದು ಮನೆ ಒಳಗೆ, ನಡುಮನೆ ದಾಟಿ. ಈಚೆಗೆ ಹಿಡ್ಕಂಬತ್ತೀವಿ ನಿಂತ್ಕಳಮ್ಮ ಅಂದ್ರೆ ಒಪ್ಕಬ್ಯಾಡ. ಒಳಕ್ಕೋಗೇ ನೋಡು.”